ಒಲೆ ಬೇರೆಯೆಂಬುದಕ್ಕೆ ಸಾಕ್ಷಿ

ಒಂದೇ ಮನೆಯಲ್ಲಿದ್ದರೂ ಅತ್ತೆ ಸೊಸೆಯರ ಒಲೆ ಬೇರೆಯಾಗಿ ವರ್ಷವಾಗಿತ್ತು. ಅದು ಸಾಬೀತಾದರಷ್ಟೇ ಬಟ್ಟೆ ಹೊಲಿಯುವ ಸೊಸೆಗೆ ಬೇರೆ ರೇಷನ್ ಕಾರ್ಡು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಅಡುಗೆಮನೆಯಲ್ಲಿ ಅಕ್ಕಪಕ್ಕ ಉರಿಯುತ್ತಿದ್ದ ಎರಡು ಒಲೆ ನೋಡಿ ಮೂಗು ಮುರಿದರು.

“ಇದೆಲ್ಲ ನಾಟಕ ಅಲ್ವೇನಮ್ಮ? ನಾನು ಬರ್ತೀನಂತ ಇವತ್ತು ಹಚ್ಚಿದ್ದು!”

ಅಷ್ಟರಲ್ಲಿ ಅತ್ತೆ ಹಳೆಯ ಅಭ್ಯಾಸದಂತೆ ಕೈಚಾಚಿ, ಸೊಸೆಯ ಪಾತ್ರೆಗೆ ಚಿಟಿಕೆ ಉಪ್ಪು ಉದುರಿಸಿಯೇಬಿಟ್ಟರು.

ಸೊಸೆ ಕಾರ್ಡನ್ನೂ ಮರೆತು ಸೌಟು ಎತ್ತಿದಳು. “ನನ್ನ ಪಾತ್ರೆಗೆ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು, ಅತ್ತೆ?”

“ಸಪ್ಪೆ ತಿಂದು ನನ್ನ ಮಗ ಸೊರಗ್ತಿದಾನೆ ಕಣೇ!”

“ಹಾಗಾದ್ರೆ ತಿಂಗಳಿಗೊಂದ್ಸಲ ಅವರ ಪ್ಯಾಂಟಿನ ಸೊಂಟ ಯಾಕೆ ಬಿಚ್ಚಿ ಅಗಲ ಮಾಡಿ ಹೊಲೀತಿದೀನಿ?”

ಇನ್‌ಸ್ಪೆಕ್ಟರು ಮೆಲ್ಲನೆ ಬಾಗಿಲತ್ತ ಸರಿಯುತ್ತಾ ಅರ್ಜಿಯ ಮೇಲೆ ಬರೆದರು: ‘ಒಲೆ ಬೇರೆ. ಅನುಮಾನವೇ ಇಲ್ಲ.’