ಹದಿಮೂರು ಮಾರು ಪರದೆ

"ಬಿಚ್ಚಪ್ಪ ಅದನ್ನ," ಎನ್ನುತ್ತಾ ತಂಗಿ, ಹಗ್ಗ ಕಟ್ಟುತ್ತಿದ್ದ ಕಾವಲುಗಾರನ ಮಣಿಕಟ್ಟು ಹಿಡಿದುಕೊಂಡಳು.

ಕಾವಲುಗಾರ ಗಾಬರಿಯಾದ. ಕಾಲೇಜಿನ ಸಭಾಂಗಣದಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೂ ಇಳಿಬಿಟ್ಟಿದ್ದ ಬೂದು ಪರದೆಯ ಮುಂದೆ ಅವನು ಆಗಲೇ ಆರು ಹಿತ್ತಾಳೆ ಕಂಬ ನಿಲ್ಲಿಸಿದ್ದ. ಕಂಬಗಳ ಈಚೆ, ಹೂವಿನ ರಾಶಿಯ ನಡುವೆ, ಅಕ್ಕನನ್ನು ಮಲಗಿಸಿದ್ದ ಪೆಟ್ಟಿಗೆ.

"ಯಾರೂ ಮುಟ್ಟಬಾರದು ಅಂತ ಡೈರೆಕ್ಟರ್ ಹೇಳಿದಾರಮ್ಮ. ಬೆಲೆಬಾಳೋ ಸಾಮಾನಂತೆ."

"ಬೆಲೆಬಾಳೋ ಸಾಮಾನು ಇಪ್ಪತ್ತೊಂದು ವರ್ಷ ಮೆಟ್ಟಿಲ ಕೆಳಗೆ, ಮುರುಕಲು ಬೆಂಚುಗಳ ಜೊತೆ ಬಿದ್ದಿತ್ತಲ್ಲ. ಆಗ ಯಾಕಪ್ಪ ಹಗ್ಗ ಕಟ್ಟಲಿಲ್ಲ?"

"ನಾನು ಕೆಲಸಕ್ಕೆ ಸೇರಿ ಎರಡೇ ವರ್ಷ ಆಗಿರೋದು ತಾಯಿ," ಎಂದು ಅವನು ಕೈ ಬಿಡಿಸಿಕೊಂಡು ಗಂಟು ಬಿಗಿದ.

ಆ ಪರದೆ ಹೊಲಿದವಳು ಅವಳೇ. ಊರಿನವರಿಗೆ ಅವಳು ದರ್ಜಿ, ಕಾಲೇಜಿನವರಿಗೆ ಪ್ರೊಫೆಸರ್ ಮೇಡಂ ಅವರ ತಂಗಿ. ಹೊಲಿದವಳ ಕಣ್ಣಿಗೆ ತನ್ನದಲ್ಲದ ನೂಲು ತಟ್ಟನೆ ಕಾಣುತ್ತದೆ. ಪರದೆಯ ಮೂಲೆಯಿಂದ ಭಾಷಣದ ಮೇಜಿನವರೆಗೆ ಕರಿಯ ತಂತಿಯೊಂದು ಹರಿದಿತ್ತು. ಪ್ರಯೋಗಾಲಯದ ಹಳೆಯ ಸಹಾಯಕ ಅಲ್ಲೇ ಸಭಾಂಗಣದ ಕಲ್ಲುಕಂಬದ ಮರೆಯಲ್ಲಿ ನಿಂತಿದ್ದ. ವಿದ್ಯಾರ್ಥಿಗಳೆಲ್ಲ ತಂತಿಯಣ್ಣ ಎಂದು ಕರೆಯುತ್ತಿದ್ದದ್ದು ಅವನನ್ನೇ.

"ಏನಿದು ತಂತಿಯಣ್ಣ?"

ಅವನು ನೆಲ ನೋಡಿದ. "ಡೈರೆಕ್ಟರ್ ಗುಂಡಿ ಒತ್ತಿದ ತಕ್ಷಣ ಸದ್ದು ಬರಬೇಕಂತೆ. ಹಿಂದೆ ರೆಕಾರ್ಡ್ ಮಾಡಿಟ್ಟಿದ್ದು."

"ನೀನೇ ಹಾಕಿಕೊಟ್ಟೆಯಾ?"

"ನಾನು ಹಾಕದಿದ್ರೆ ಬೇರೆ ಯಾರ ಕೈಲೋ ಹಾಕಿಸ್ತಿದ್ರು. ಅವರು ನಿಮ್ಮ ಹೊಲಿಗೆ ಹರಿದು ಹಾಕ್ತಿದ್ರು." ದನಿ ತಗ್ಗಿಸಿ ಸೇರಿಸಿದ: "ಮೇಡಂ ಮಾಡಿದ ಸದ್ದಿನ ಪೆಟ್ಟಿಗೆ ಪರದೆ ಹಿಂದೆ ಹಾಗೇ ಇದೆ. ಹೊಸ ಬ್ಯಾಟರಿ ಹಾಕಿಟ್ಟಿದೀನಿ. ಯಾರಿಗೂ ಹೇಳಿಲ್ಲ."

*

ಅಕ್ಕ ಕಾಲೇಜು ಸೇರಿದ್ದು ಚಿತ್ರಕಲೆ ಕಲಿಸಲು. ಎರಡೇ ವರ್ಷಕ್ಕೆ ಕುಂಚ ಪಕ್ಕಕ್ಕಿಟ್ಟು ಬೆಸುಗೆ ಹಾಕಲು ಕೂತಳು. ಹತ್ತಿರ ಹೋದರೆ ಮುಖ ತಿರುಗಿಸುವ ಚಿತ್ರ, ಪಿಸುಗುಟ್ಟಿದರೆ ಮಾತ್ರ ಉರಿಯುವ ದೀಪ, ಇಬ್ಬರು ಕೂತರಷ್ಟೇ ಬೆಚ್ಚಗಾಗುವ ಬೆಂಚು.

"ಜನ ಕೈಕಟ್ಟಿ ನಿಂತು, ತಲೆದೂಗಿ, ಮನೆಗೆ ಹೋಗೋ ಚಿತ್ರ ನಂಗೆ ಬೇಡ ಕಣೆ," ಎನ್ನುತ್ತಿದ್ದಳು. "ಅವರೂ ಒಂದು ಕೈ ಹಾಕ್ಲಿ."

ಚಿತ್ರಕಲೆಯವರು ಇದು ಕರೆಂಟಿನವನ ಕೆಲಸ ಎಂದರು. ಎಂಜಿನಿಯರಿಂಗಿನವರು ಮಕ್ಕಳಾಟಿಕೆ ಎಂದರು. ಈಗಿನ ಡೈರೆಕ್ಟರ್ ಆಗ ವಿಭಾಗದ ಮುಖ್ಯಸ್ಥರು. "ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗ್ತಾರೆ ಮೇಡಂ," ಎಂದು ಬುದ್ಧಿ ಹೇಳಿದರು.

"ದೇವರು ಎರಡು ಕಾಲು ಕೊಟ್ಟಿದಾನಲ್ಲ ಸರ್. ಸುಮ್ಮನೆ ಒಂದನ್ನ ಯಾಕೆ ಖಾಲಿ ಇಡಬೇಕು?"

ಆ ಮಾತಿಗೆ ಬಹುಮಾನವಾಗಿ ಅವಳಿಗೆ ಸಿಕ್ಕಿದ್ದು ಹಾಸ್ಟೆಲಿನ ಹಳೆಯ ಬಟ್ಟೆ ಒಗೆಯುವ ಕೋಣೆ. ನೀರು ಹರಿಯಲೆಂದು ನೆಲ ಒಂದೇ ಕಡೆ ಇಳಿಜಾರು. ಪೆನ್ಸಿಲ್ ಬಿದ್ದರೆ ಉರುಳಿ ಮೋರಿ ಸೇರುತ್ತಿತ್ತು. ಮೇಜಿನ ಕಾಲಿಗೆ ಕಾಗದ ಮಡಚಿಟ್ಟು ಅಲ್ಲೇ ಪಾಠ ಶುರುಮಾಡಿದಳು.

ಒಂದು ಮಧ್ಯಾಹ್ನ ಬೆಳ್ಳಿಬಣ್ಣದ ಲೋಹದ ನೂಲಿನ ಉಂಡೆ ಹಿಡಿದು ತಂಗಿಯ ಅಂಗಡಿಗೆ ಬಂದಳು.

"ಹದಿಮೂರು ಮಾರು ಅಗಲದ ಪರದೆ. ಅಂಚಿನುದ್ದಕ್ಕೂ ಈ ನೂಲು. ಆಗುತ್ತಾ?"

"ನನ್ನ ಮಿಷನ್ನಿಗೆ ಏನಾದ್ರೂ ಆದ್ರೆ ನಿನ್ನ ಜುಟ್ಟು ಹಿಡೀತೀನಿ."

ಎಂಟು ಸೂಜಿ ಮುರಿದವು. ಕೊನೆಗೆ ಕೈಯಲ್ಲೇ ಹೊಲಿದಳು, ನಾಲ್ಕು ತಿಂಗಳು. ಗಿರಾಕಿಗಳು ಬೈದುಕೊಂಡು ಬೇರೆ ಅಂಗಡಿ ಹಿಡಿದರು. ಮುಗಿದ ದಿನ ಹಾಸ್ಟೆಲಿನ ಪಡಸಾಲೆಯಲ್ಲಿ ಪರದೆ ಕಟ್ಟಿ, ಎಡದ ಅಂಚಿಗೊಬ್ಬರು ಬಲದ ಅಂಚಿಗೊಬ್ಬರು ನೂಲು ಹಿಡಿದು ನಿಂತು, ನಡುವಿನವರೆಲ್ಲ ಕೈಕೈ ಹಿಡಿದರು. ಹದಿಮೂರನೆಯವನಾಗಿ ಅಡುಗೆಯವನು ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಬಂದ. ಕೊಡದೊಳಗೆ ಜೇನುಹುಳ ಹೊಕ್ಕಂತೆ ಪರದೆ ಝೇಂಕರಿಸಿತು. ಅವನ ಒದ್ದೆ ಕೈ ಬಿಗಿಯಾದಷ್ಟೂ ಸ್ವರ ಏರಿತು. ಆಗ ನಲವತ್ತಾರು ವರ್ಷದ ಅಕ್ಕ ಕುಣಿದಾಡಿಬಿಟ್ಟಳು.

*

ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿ ಪರದೆಯನ್ನು ಒಬ್ಬರೇ ಮುಟ್ಟಿದರು. ಸದ್ದಿಲ್ಲ. ಇನ್ನೊಮ್ಮೆ ಮುಟ್ಟಿದರು.

"ಒಬ್ಬರಿಂದ ಆಗಲ್ಲ ಸರ್," ಎಂದಳು ಅಕ್ಕ. "ಈ ಅಂಚಿಂದ ಆ ಅಂಚಿನವರೆಗೂ ಪಕ್ಕದವರ ಕೈ ಹಿಡೀಬೇಕು."

ಪಕ್ಕದಲ್ಲಿ ನಿಂತಿದ್ದವಳು ಕಸ ಗುಡಿಸುವ ಹೆಂಗಸು. ಅಧಿಕಾರಿ ಗಡಿಯಾರ ನೋಡಿಕೊಂಡು ಹೊರಟುಹೋದರು.

ಮರುದಿನ ಮುಖ್ಯಸ್ಥರು ಕರೆಸಿದರು. "ಒಬ್ಬರು ಒತ್ತಿದರೂ ಸದ್ದಾಗೋ ಹಾಗೆ ಒಂದು ಗುಂಡಿ ಇಟ್ಟುಬಿಡಿ. ಅಲ್ಲಿಗೆ ಮುಗೀತು."

"ಗುಂಡಿ ಇಟ್ಟರೆ ಅದು ಕರೆಗಂಟೆ ಆಗುತ್ತೆ ಸರ್. ಕರೆಗಂಟೆ ಬೇಕಿದ್ರೆ ಅಂಗಡಿಯಲ್ಲಿ ಸಿಗುತ್ತೆ."

ಪರದೆಗೆ 'ಕೆಟ್ಟಿದೆ' ಎಂಬ ಚೀಟಿ ಅಂಟಿತು. ಬಡ್ತಿಯ ಪಟ್ಟಿಯಲ್ಲಿ ಅಕ್ಕನ ಹೆಸರು ಮತ್ತೆಂದೂ ಮೇಲೇರಲಿಲ್ಲ. ಅವಳೂ ತಲೆ ತಗ್ಗಿಸಲಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಮೊದಲ ದಿನವೇ ಮೆಟ್ಟಿಲ ಕೆಳಗಿನ ಬೀಗ ಹಾಕಿದ ಬಾಗಿಲಿಗೆ ಕರೆದೊಯ್ದು, "ಒಳಗೆ ಇರೋದು ಚೆನ್ನಾಗೇ ಇದೆ. ಚೀಟಿ ಓದಿ ನಂಬೋದನ್ನ ಇವತ್ತೇ ಬಿಟ್ಟುಬಿಡಿ," ಎನ್ನುತ್ತಿದ್ದಳು. ಅದೇ ಅವಳ ಮೊದಲ ಪಾಠ. ನಿವೃತ್ತಿಯಾಗುವವರೆಗೂ ತಪ್ಪಲಿಲ್ಲ.

ಹೋದ ತಿಂಗಳು ದೂರದೇಶದ ದೊಡ್ಡ ಪ್ರದರ್ಶನವೊಂದು ಪರದೆ ಬೇಕೆಂದು ಕಾಗದ ಬರೆಯಿತು. ಕಾಲೇಜಿಗೆ ಬೀಗದ ಕೈ ನೆನಪಾಯಿತು. ಮೊನ್ನೆ, ಅರವತ್ತೇಳಕ್ಕೆ, ಎದೆನೋವೆಂದು ಮಲಗಿದ ಅಕ್ಕ ಏಳಲಿಲ್ಲ.

*

"ಅವರ ಪ್ರತಿಯೊಂದು ಪ್ರಯೋಗಕ್ಕೂ ಈ ಸಂಸ್ಥೆ ಬೆನ್ನಿಗೆ ನಿಂತಿತ್ತು," ಎಂದರು ಡೈರೆಕ್ಟರ್ ಮೈಕಿನಲ್ಲಿ.

"ಬೆನ್ನಿಗೇ ನಿಂತಿದ್ರು, ಚೂರಿ ಹಿಡ್ಕೊಂಡು," ಎಂದಳು ಹಿಂದಿನ ಸಾಲಿನಲ್ಲಿದ್ದ ಹಳೆಯ ವಿದ್ಯಾರ್ಥಿನಿ. ಯಾರೋ ಕೆಮ್ಮಿ ನಗು ನುಂಗಿದರು.

ಡೈರೆಕ್ಟರ್ ಗಂಭೀರವಾಗಿ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ಆಗಲ್ಲ ಸರ್," ಎಂದು ತಂಗಿ ಎದ್ದು ನಿಂತಳು. ಕಿತ್ತ ಕರಿಯ ತಂತಿ ಅವಳ ಕೈಯಲ್ಲಿ ಸುರುಳಿ ಸುತ್ತಿಕೊಂಡಿತ್ತು. "ಅದು ಗುಂಡಿಗೆ ಹಾಡೋ ಜಾತಿ ಅಲ್ಲ."

"ಅಮ್ಮಾ, ಇದು ದುಃಖದ ಸಂದರ್ಭ..."

"ಹೌದು ಸರ್. ಸತ್ತಿರೋದು ನನ್ನಕ್ಕ." ಅವಳು ಸಭೆಯ ಕಡೆ ತಿರುಗಿದಳು. "ಅವಳ ಹತ್ರ ಕಲಿತವರು ಯಾರಿದ್ದೀರಿ? ಏಳ್ರಪ್ಪ."

ಹಿಂದಿನ ಸಾಲು ಎದ್ದಿತು. ಅಧ್ಯಾಪಕರು ಡೈರೆಕ್ಟರ್ ಮುಖ ನೋಡುತ್ತಾ ಕುರ್ಚಿಗೆ ಅಂಟಿಕೊಂಡರು. ಒಬ್ಬರು ಮಾತ್ರ ಚೀಲ ಕೆಳಗಿಟ್ಟು ಬಂದರು. ತಂತಿಯಣ್ಣ ಬಂದ. ಕಾವಲುಗಾರ ತಾನೇ ಕಟ್ಟಿದ ಹಗ್ಗ ಬಿಚ್ಚಿ, ಕಂಬಗಳನ್ನು ಬದಿಗೆ ಸರಿಸಿ ಬಂದು ನಿಂತ. ತಂಗಿಯೂ ಸೇರಿ ಹದಿಮೂರು. ಅಕ್ಕನ ಪೆಟ್ಟಿಗೆಯ ಹಿಂದೆ ಸಾಲು ಕೈಕೈ ಹಿಡಿಯಿತು.

ಪರದೆ ಸುಮ್ಮನಿತ್ತು.

ಡೈರೆಕ್ಟರ್ ಮೃದುವಾಗಿ ಹೇಳಿದರು: "ಅದು ಆಗಲೇ ಕೆಟ್ಟಿತ್ತು. ಚೀಟಿಯಲ್ಲಿ ನಾವು ಸುಳ್ಳು ಬರೆದಿರಲಿಲ್ಲ."

ತಂಗಿ ಸಾಲು ಬಿಟ್ಟು ಮಂಡಿಯೂರಿ, ಅಂಚನ್ನು ಬೆರಳಿನಿಂದ ತಡವುತ್ತಾ ಹೋದಳು. ಮಾರು ಮಾರು ಹೊಲಿಗೆ ಹಾಗೇ ಇತ್ತು. ಒಂಬತ್ತನೇ ಮಾರಿನಲ್ಲಿ ಬೆರಳು ನಿಂತಿತು. ಇಲಿ ಕಡಿದಿತ್ತು. ಎರಡು ತುದಿಗಳ ನಡುವೆ ಒಂದು ಗೇಣು ಖಾಲಿ.

"ಬೆಳ್ಳಿ ನೂಲು ಇದೆಯಾ?" ಎಂದ ತಂತಿಯಣ್ಣ.

"ಎಲ್ಲಿಂದ ಬರಬೇಕು?" ಅವಳು ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು. ಒಂದು ತುದಿ ಎಡಗೈಯಲ್ಲಿ, ಇನ್ನೊಂದು ಬಲಗೈಯಲ್ಲಿ ಗಟ್ಟಿಯಾಗಿ ಚಿವುಟಿ ಹಿಡಿದಳು. "ನೂಲು ನಾನೇ ಆಗ್ತೀನಿ. ಹಿಡ್ಕೊಳ್ರಿ ಕೈ."

ಅವಳು ಬಿಟ್ಟ ಜಾಗ ಸಾಲಿನಲ್ಲಿ ತೆರವಾಗಿತ್ತು. ತಂತಿಯಣ್ಣ ಎಷ್ಟು ಚಾಚಿದರೂ ಆಚೆಯ ಕೈ ಎಟುಕಲಿಲ್ಲ.

ಅವಳು ನೆಲದಿಂದಲೇ ತಲೆಯೆತ್ತಿದಳು. "ಒಂದು ಆಳು ಕಡಿಮೆ ಇದೆ ಸರ್. ಬನ್ನಿ. ಅವಳಿದ್ದಿದ್ರೂ ನಿಮ್ಮನ್ನ ಬೇಡ ಅಂತಿರಲಿಲ್ಲ."

ಡೈರೆಕ್ಟರ್ ಮೈಕ್ ಹಿಡಿದೇ ನಿಂತರು. ಅಧ್ಯಾಪಕರ ಸಾಲು ಅಲ್ಲಾಡಲಿಲ್ಲ. ಸಾಲಿನಲ್ಲಿದ್ದವರೂ ಕೈಬಿಡಲಿಲ್ಲ. ಹಳೆಯ ವಿದ್ಯಾರ್ಥಿನಿಗೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಬಾಗಿಲು ಕಿರುಗುಟ್ಟಿತು. ಶವದ ಗಾಡಿಯ ಡ್ರೈವರ್ ಇಣುಕಿದ.

"ಹೊತ್ತಾಯ್ತು. ಹನ್ನೊಂದಕ್ಕೆ ಸ್ಮಶಾನದಲ್ಲಿರಬೇಕು. ಇನ್ನೊಂದು ಮನೆಗೂ ಹೋಗೋದಿದೆ ನಂಗೆ."

"ಬಾರಪ್ಪ ಇಲ್ಲಿ," ಎಂದಳು ತಂಗಿ. "ಆ ಖಾಲಿ ಜಾಗದಲ್ಲಿ ನಿಂತ್ಕೊ."

"ನಾನಾ? ನಂಗೆ ಅವರು ಯಾರು ಅಂತಾನೇ ಗೊತ್ತಿಲ್ಲ."

"ಗೊತ್ತಿರಬೇಕಾಗಿಲ್ಲ. ಕೈ ಕೊಡು ಸಾಕು."

ಡ್ರೈವರ್ ಒಮ್ಮೆ ಹೊರಗೆ ಗಾಡಿಯ ಕಡೆ, ಒಮ್ಮೆ ಪೆಟ್ಟಿಗೆಯ ಕಡೆ ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅಂಗೈಗಳನ್ನು ಪ್ಯಾಂಟಿಗೆ ಒರೆಸಿ, ಎಡಗೈಯನ್ನು ತಂತಿಯಣ್ಣನಿಗೂ ಬಲಗೈಯನ್ನು ಕಾವಲುಗಾರನಿಗೂ ಕೊಟ್ಟ.

ಮೊದಲು ತಂಗಿಯ ಬೆರಳ ತುದಿಯಲ್ಲಿ ಇರುವೆ ಹರಿದಂತಾಯಿತು. ಆಮೇಲೆ ಸದ್ದು ಎದ್ದಿತು. ಹಾಸ್ಟೆಲಿನ ಪಡಸಾಲೆಯಲ್ಲಿ ಕೇಳಿದ್ದಕ್ಕಿಂತ ಎತ್ತರದ ಸ್ವರ. ಕಣ್ಣೀರು ಒರೆಸಿದ್ದ ಕೈಗಳು, ಬೆವೆತ ಕೈಗಳು, ಎಲ್ಲವೂ ಒದ್ದೆ. ಕಿಟಕಿಯ ಗಾಜು ಗುಂಯ್ ಎಂದಿತು. ಮೈಕಿನ ಮುಂದಿದ್ದವರ ತುಟಿ ಅಲ್ಲಾಡಿತು, ಮಾತು ಯಾರಿಗೂ ಕೇಳಲಿಲ್ಲ.

ಅಷ್ಟರಲ್ಲಿ ಡ್ರೈವರ್ ಕಿಸೆಯಲ್ಲಿ ಫೋನ್ ಮೊಳಗತೊಡಗಿತು. ಅವನು ಕಿಸೆ ನೋಡಿಕೊಂಡ, ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಫೋನ್ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಶುರುವಾಯಿತು. ಅವನು ಟೋಪಿ ಜಾರದಂತೆ ಕಂಕುಳನ್ನು ಇನ್ನಷ್ಟು ಬಿಗಿದು, ಕಾಲು ಅಗಲಿಸಿ ನಿಂತ.