ಪೂಜೆಗೆ ಕೂತ ಚಿಕ್ಕ ಗೇರು

ನಾನು ಒಂದು ಗೇರು. ಓಡಿಸುವವರು ಗಳಿಗೆಗೊಮ್ಮೆ ಹಿಡಿದೆಳೆಯುವ ದೊಡ್ಡ ಗೇರಲ್ಲ. ಅದರ ಮಗ್ಗುಲಲ್ಲಿ ಗೇಣುದ್ದ ನಿಂತಿರುತ್ತದಲ್ಲ, ಆ ಚಿಕ್ಕದು. ಬೆಟ್ಟ ಹತ್ತುವ ಹಳೆಯ ಜೀಪುಗಳಲ್ಲಿ ಮಾತ್ರ ನಮ್ಮ ಕುಲದವರು ಸಿಗುತ್ತೇವೆ. ಸಾಮಾನ್ಯ ದಾರಿಯಲ್ಲಿ ಗಾಡಿಯನ್ನು ಹಿಂದಿನ ಎರಡು ಚಕ್ರಗಳೇ ತಳ್ಳಿಕೊಂಡು ಹೋಗುತ್ತವೆ. ಮುಂದಿನವು ಸುಮ್ಮನೆ ಉರುಳುತ್ತವೆ. ಕೆಸರೋ ಕಡಿದಾದ ಏರೋ ಬಂದಾಗ ನನ್ನನ್ನು ಎಳೆದರೆ ಮುಂದಿನ ಎರಡಕ್ಕೂ ಎಂಜಿನ್ನಿನ ಬಲ ಹೋಗುತ್ತದೆ, ನಾಲ್ಕೂ ಚಕ್ರ ದುಡಿಯುತ್ತವೆ. ಅದಕ್ಕೇ ಫೋರ್ ವೀಲ್ ಎನ್ನುತ್ತಾರೆ. ನನ್ನನ್ನು ಹುಟ್ಟಿಸಿದ್ದು ಈ ಒಂದೇ ಕೆಲಸಕ್ಕೆ.

ದೂರದ ಕಾರ್ಖಾನೆಯೊಂದರಲ್ಲಿ ನನ್ನನ್ನು ಕೆಂಪಗೆ ಕಾಸಿ, ಬಡಿದು, ತಲೆಗೆ ಕರಿಯ ಗುಂಡು ತೊಡಿಸಿದರು. ಪರೀಕ್ಷೆ ಮಾಡುವವನೊಬ್ಬ ಒಮ್ಮೆ ಹಿಂದಕ್ಕೆಳೆದು, ಒಮ್ಮೆ ಮುಂದಕ್ಕೆ ತಳ್ಳಿ, "ಸರಿಯಾಗಿದೆ" ಎಂದು ಚೀಟಿ ಅಂಟಿಸಿದ. ಆಮೇಲೆ ಇಪ್ಪತ್ತಾರು ವರ್ಷ ನನ್ನನ್ನು ಯಾರೂ ಎಳೆಯಲಿಲ್ಲ.

ಮೊದಲ ಹನ್ನೊಂದು ವರ್ಷ ಕೊಳ್ಳೇಗಾಲದ ಸರ್ಕಾರಿ ಕಚೇರಿಯೊಂದರಲ್ಲಿ ಕಳೆದವು. ನಾನಿರುವ ಜಾಗದಿಂದ ಮನುಷ್ಯರ ಮುಖ ಕಾಣುವುದು ಕಡಿಮೆ. ಮೊಣಕಾಲು, ಅಂಗೈ, ಚಪ್ಪಲಿ, ಇವುಗಳಿಂದಲೇ ಗುರುತು. ಡ್ರೈವರ್ ಅಂತೋಣಿಯವರದು ಇಸ್ತ್ರಿ ಮುರಿಯದ ಖಾಕಿ ಮೊಣಕಾಲು. ಸಾಹೇಬರ ಕೈ ಕುತೂಹಲದಿಂದ ನನ್ನ ಕಡೆ ಬಂದರೆ ಅವರು ಗಾಬರಿಯಾಗುತ್ತಿದ್ದರು. "ಮುಟ್ಬೇಡಿ ಸಾರ್, ಅದು ಕಷ್ಟಕಾಲಕ್ಕೆ ಇರೋದು." ಕಚೇರಿಯಿಂದ ಬಂಗಲೆಗೆ ಟಾರು ರಸ್ತೆ. ಕಷ್ಟಕಾಲ ಬರಲೇ ಇಲ್ಲ.

ಗಾಡಿ ಹಳತಾಯಿತೆಂದು ಹರಾಜಿಗೆ ಇಟ್ಟಾಗ ಬಿಲ್ಲಯ್ಯ ಕೊಂಡುಕೊಂಡ. ಹನೂರಿನಾಚೆ ಬೆಟ್ಟದ ಬುಡದಲ್ಲಿ ಅವನ ಮನೆ. ಅಲ್ಲಿಂದ ಕಾಡೊಳಗಿನ ಜೇನುದೊಡ್ಡಿಗೆ ಜನ, ಕುರಿ, ಸಾಮಾನು ಸಾಗಿಸುವುದು ಅವನ ಕಸುಬು. ಬಿರುಕುಬಿಟ್ಟ ಹಿಮ್ಮಡಿ, ಬೆರಳ ತುದಿಯಲ್ಲಿ ಸದಾ ವಿಭೂತಿ. ಬೆಟ್ಟದ ದೇವರು ಮಾದಪ್ಪನ ಒಕ್ಕಲು. ಅಂತೋಣಿ ಬೀಗದ ಕೈ ಒಪ್ಪಿಸುವಾಗ ಹೇಳಿದ ಒಂದು ಮಾತು, ಚಿಕ್ಕ ಗೇರನ್ನು ಸುಮ್ಮಸುಮ್ಮನೆ ಮುಟ್ಟಬಾರದು ಎಂಬುದು, ಅವನ ಭಕ್ತಿಯೊಳಗೆ ಬಿದ್ದು ಬೇರೆಯೇ ಆಗಿ ಬೆಳೆಯಿತು. ಮುಟ್ಟಬಾರದ್ದೆಂದರೆ ಅವನ ಲೆಕ್ಕದಲ್ಲಿ ಅದು ದೇವರದೇ. ಸೋಮವಾರ ಸೋಮವಾರ ನನಗೆ ವಿಭೂತಿ ಬಳಿದು, ಹೂ ಸುತ್ತಿ ಕೈಮುಗಿದ. "ಇದು ಮಾದಪ್ಪನ ಗೇರು. ಅವನಪ್ಪಣೆ ಆಗೋಗಂಟ ನಾ ಮುಟ್ಟಾಕಿಲ್ಲ" ಎಂದು ಹರಕೆಯನ್ನೂ ಹೊತ್ತ.

ಏರು ಬಂದಾಗ ಜನರನ್ನು ಇಳಿಸಿ ತಳ್ಳಿಸುತ್ತಿದ್ದ. ಜೇನುದೊಡ್ಡಿಯಲ್ಲಿ ಒಬ್ಬಳೇ ಇದ್ದ ಅವನ ಅಕ್ಕ ದುಂಡಮ್ಮ ಒಮ್ಮೆ ಕೆಸರಿನಲ್ಲಿ ನಿಂತು ಬೈದಳು. "ಅಲ್ಲಾ ಕನ್ಲಾ, ದೇವ್ರನ್ನ ಮಡ್ಲಲ್ಲಿ ಕೂರುಸ್ಕಂಡು ಮುದುಕೀರ ಕೈಲಿ ಗಾಡಿ ತಳ್ಳುಸ್ತೀಯಲ್ಲ, ಮಾದಪ್ಪ ನಿಂಗೇನು ಒಳ್ಳೇದು ಮಾಡಾನು?"

"ಸುಮ್ಕಿರಕ್ಕ, ಪಾಪದ ಮಾತು ಆಡಬ್ಯಾಡ."

ನಿಜ ಹೇಳುತ್ತೇನೆ, ನನಗೂ ಆ ಪೂಜೆ ಹಿತವಾಗಿತ್ತು. ಪಕ್ಕದ ದೊಡ್ಡ ಗೇರು ಬೆವರು ಕೈಗಳಿಗೆ ಸಿಕ್ಕಿ ನವೆಯುತ್ತಿದ್ದರೆ, ನಾನು ಹೂ ಮುಡಿದು ಕೂತಿದ್ದೆ. ಕೆಳಗೆ ನನ್ನ ಕೀಲು ಹಿಡಿದುಕೊಳ್ಳುತ್ತಿದ್ದುದು ನನಗೇ ತಿಳಿಯಲಿಲ್ಲ. ಹೀಗೆ ಹದಿನೈದು ವರ್ಷ.

ಜೇನುದೊಡ್ಡಿಯಲ್ಲಿ ಗಿರಣಿ ಇರಲಿಲ್ಲ. ರಾಗಿ ಬೀಸಿಸಲು ಹೆಂಗಸರು ತಲೆಯ ಮೇಲೆ ಚೀಲ ಹೊತ್ತು ಹತ್ತು ಮೈಲಿ ಇಳಿಯಬೇಕು. ಮಳೆ ಹಿಡಿದರೆ ನಡುವಿನ ಹಳ್ಳ ತುಂಬಿ ಮೂರು ತಿಂಗಳು ಗಾಡಿಯ ದಾರಿ ಮುಚ್ಚುತ್ತದೆ; ಆಗ ಹಗ್ಗ ಹಿಡಿದು ನಡೆದೇ ದಾಟಬೇಕು. ದುಂಡಮ್ಮನ ಮಂಡಿ ಸೋತಿತ್ತು. ಅವಳು ಊರಿನ ಹೆಂಗಸರನ್ನೆಲ್ಲ ಸೇರಿಸಿ, ಡೀಸೆಲ್ಲಿನಿಂದ ಓಡುವ ಒಂದು ಹಳೆಯ ಹಿಟ್ಟಿನ ಗಿರಣಿಯನ್ನು ಗೊತ್ತುಮಾಡಿ ತಮ್ಮನ ಮನೆಯ ಮುಂದೆ ತಂದು ಇಳಿಸಿದಳು.

"ಮಳೆ ಬರಾಕೆ ಎಂಟು ದಿನ ಇರಬೌದು ಬಿಲ್ಲ. ಗಿರಣಿ ಮ್ಯಾಕೆ ಬಂದ್ರೆ ನಾನೂ ನಮ್ಮೂರಲ್ಲಿರ್ತೀನಿ. ಬರ್ನಿಲ್ಲ ಅಂದ್ರೆ ಈ ಮಂಡಿ ಕಟ್ಕಂಡು ನಂಗೆ ಅಲ್ಲಿ ಬಾಳಾಟ ಆಗಕಿಲ್ಲ. ನಿನ್ ಮನೆ ಜಗುಲೀಲಿ ಬಂದು ಬೀಳ್ಬೇಕಾಯ್ತದೆ."

"ಬಂದ್ರೇನಕ್ಕ, ಇಲ್ಲೇ ಇರು."

"ನಾ ಹುಟ್ಟಿದ್ದು ಅಲ್ಲಿ, ಮಣ್ಣಾಗಾದೂ ಅಲ್ಲೇ ಕನಪ್ಪ" ಎಂದಳು. ಅವಳ ದನಿಯಲ್ಲಿ ಆಗ ತಮಾಷೆ ಇರಲಿಲ್ಲ.

ಗಿರಣಿ ಹೇರಿ, ದುಂಡಮ್ಮನನ್ನೂ ಊರಿನ ನಾಲ್ಕಾರು ಜನರನ್ನೂ ಹತ್ತಿಸಿಕೊಂಡು ಹೊರಟೆವು. ಹಳ್ಳ ದಾಟಿದ ಮೇಲೆ ಆನೆಬೆನ್ನು ಎಂಬ ಏರು. ಅರ್ಧ ಹತ್ತುವಷ್ಟರಲ್ಲಿ ಹಿಂದಿನ ಚಕ್ರಗಳು ಗರಗರ ಸುತ್ತಿ ಮಣ್ಣು ತೋಡಿದವು, ಗಾಡಿ ಜಾರಿತು. ತಳ್ಳಲು ಹೋದವರು ಭಾರ ನೋಡಿ ಹಿಂದೆ ಸರಿದರು. ಬಿಲ್ಲಯ್ಯ ಕಣ್ಣು ಮುಚ್ಚಿದ. "ಅಪ್ಪಣೆ ಕೊಡು ಮಾದಪ್ಪ" ಎನ್ನುತ್ತ ನನ್ನ ಹೂವು ಬಿಚ್ಚಿ, ಹಿಡಿದು ಎಳೆದ.

ನಾನು ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದ. ಅಲುಗಬೇಕೆಂದು ನನಗೆ ಎಷ್ಟು ಆಸೆಯಿತ್ತೋ, ಆದರೆ ಆಗಲಿಲ್ಲ.

"ಆಗಕಿಲ್ಲ ಅಕ್ಕ. ಮಾದಪ್ಪ ಬ್ಯಾಡ ಅಂತಾವ್ನೆ." ಗಾಡಿಯನ್ನು ಹಿಂದಕ್ಕೇ ಇಳಿಸಿದ.

"ಮಾದಪ್ಪನ್ನ ಇಲ್ಯಾಕೆ ಎಳ್ದು ತತ್ತೀಯ? ಮದ್ಲು ಸತ್ತಾರ್ ಸಾಬ್ರಿಗೆ ತೋರ್ಸು" ಎಂದಳು ದುಂಡಮ್ಮ.

ಹನೂರಿನ ಸತ್ತಾರ್ ಸಾಬರು ನಲವತ್ತು ವರ್ಷ ಜೀಪುಗಳ ಅಡಿಯಲ್ಲಿ ಮಲಗಿದವರು. ಬಿಲ್ಲಯ್ಯ ಹೋದವನೇ, "ಒಳಗಿನ ಗೇರುಬಾಕ್ಸೇ ಹೋಗಿರಬೇಕು, ಹೊಸದು ಹಾಕ್ಬುಡಿ" ಎಂದ.

"ಅವಸರ ಮಾಡ್ಬೇಡ ಬಿಲ್ಲಯ್ಯ. ನೋಡ್ದೆ ಬಿಚ್ಚೋದು ನಮ್ ಅಭ್ಯಾಸ ಅಲ್ಲ."

ಗಾಡಿಯ ಕೆಳಗೆ ತೂರಿ, ನನ್ನ ಪಾದವನ್ನು ಬೆರಳಿನಿಂದ ತಡವಿದರು. ನನ್ನ ಕೀಲಿನಲ್ಲಿ ತುಕ್ಕು ಗಂಟುಕಟ್ಟಿತ್ತು. ಸೀಮೆಎಣ್ಣೆ ಸುರಿದು, ನೆನೆಯಲು ಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ನಾನು ಕಟಕ್ಕೆಂದು ಸರಿದೆ. ಫೋರ್ ವೀಲ್ ಬಿದ್ದಿದೆ ಎಂದು ಓಡಿಸುವವರಿಗೆ ತೋರಿಸುವ ಪುಟ್ಟ ದೀಪವೂ ಮುಂದೆ ಹತ್ತಿತು. ಬಿಲ್ಲಯ್ಯ "ಉಘೇ ಮಾದಪ್ಪ" ಎಂದು ಕೂಗಿಯೇಬಿಟ್ಟ.

"ದೀಪ ಹತ್ತಿದ ಮಾತ್ರಕ್ಕೆ ಕೆಲ್ಸ ಆಯ್ತು ಅನ್ಕೋಬೇಡ" ಎಂದರು ಸಾಬರು. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟಿನ ಮೇಲೆ ಸುಣ್ಣದ ಗೆರೆ ಎಳೆದರು. ಮಣ್ಣಿನ ಮೇಲೆ ಗಾಡಿಯನ್ನು ನಿಧಾನಕ್ಕೆ ನಡೆಸಲು ಹೇಳಿ, ಪಕ್ಕದಲ್ಲೇ ಬಗ್ಗಿ ನಡೆದರು. ಗೆರೆ ತಿರುಗುತ್ತಿತ್ತು. "ಒಳಗಿಂದ ಬಲ ಬರ್ತಾ ಇದೆ. ನಿನ್ ಗೇರುಬಾಕ್ಸ್ ಚೆನ್ನಾಗಿದೆ." ಆಮೇಲೆ ಎಂಜಿನ್ ನಿಲ್ಲಿಸಿ, ಎರಡೂ ಗೇರು ಹಾಕಿಸಿ, ಮುಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ ಕೈಯಿಂದ ತಿರುಗಿಸಿದರು. ಬಿಗಿಯಾಗಿ ನಿಲ್ಲಬೇಕಾದ ಚಕ್ರ ಕುಂಬಾರನ ತಿಗರಿಯಂತೆ ಹಗುರಾಗಿ ಸುತ್ತಿತು. ಇನ್ನೊಂದು ಬದಿಯದೂ ಹಾಗೆಯೇ.

"ಸಿಕ್ತು. ಬಲ ಬಾಗಿಲವರೆಗೆ ಬಂದು ನಿಂತದೆ. ಚಕ್ರ ಒಳಗೆ ಕರ್ಕೊಳ್ತಿಲ್ಲ."

ಚಕ್ರದ ನಡುವಿನ ಮುಚ್ಚಳ ಬಿಚ್ಚಿದರೆ, ಒಳಗಿನ ಗ್ರೀಸು ಹಳೆಯ ಹುಣಸೆಹಣ್ಣಿನಂತೆ ಕಪ್ಪಗೆ ಒಣಗಿತ್ತು. ಸರಿದು ಬಂದು ಚಕ್ರವನ್ನು ಕಚ್ಚಿಕೊಳ್ಳಬೇಕಾದ ಹಲ್ಲುಗಳು ಅದರಲ್ಲೇ ಹೂತು ಕೂತಿದ್ದವು.

"ಯಾವ್ದು ಸವ್ದದೆ ಸಾಬ್ರೇ?"

"ಒಂದೂ ಸವೆದಿಲ್ಲ! ಸವೆದಿದ್ರೆ ಸಂತೋಷಪಡ್ತಿದ್ದೆ. ಕೂತೂ ಕೂತೂ ಹಿಡ್ಕೊಂಡಿದೆ. ನಾನು ನಮಾಜಿಗೆ ದಿನಕ್ಕೆ ಐದು ಸಲ ಮಂಡಿ ಬಗ್ಗಿಸ್ತೀನಿ. ಒಂದು ವಾರ ಬಿಟ್ರೆ, ಈ ಗಾಡಿ ಕೆಳಗಿಂದ ನನ್ನೂ ಜಾಕಿ ಹಾಕೇ ಎತ್ತಬೇಕು."

ಬಿಲ್ಲಯ್ಯ ತಲೆ ತಗ್ಗಿಸಿದ. "ನಾ ಭಕ್ತಿಗೆ ಅಂತ ಮುಟ್ನಿಲ್ಲ."

ಸಾಬರು ಹಲ್ಲುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಸರಿದಾಡುವಂತೆ ಮಾಡಿ, ಹೊಸ ಗ್ರೀಸು ಬಳಿದರು. "ಭಕ್ತಿ ಬಿಡ್ಬೇಡ. ಸೋಮವಾರ ಹೂವಿನ ಜೊತೆಗೆ ಮಣ್ಣು ದಾರೀಲಿ ಒಂದು ಕೂಗಳತೆ ಇದನ್ನ ಹಾಕ್ಕೊಂಡು ನೆಟ್ಟಗೆ ಓಡ್ಸು. ಟಾರು ರಸ್ತೇಲಿ ಬೇಡ, ಬಿಗಿದ್ಕೊಳ್ತದೆ. ಅಷ್ಟೇ ಇದಕ್ಕೆ ಸೇವೆ."

ಮರುದಿನ ಬೆಳಿಗ್ಗೆ ಮೋಡ ಕಟ್ಟಿತ್ತು. ದುಂಡಮ್ಮ ಗಿರಣಿಯ ಪಕ್ಕದಲ್ಲೇ ಹತ್ತಿ ಕೂತಳು. ಇಳಿ ಎಂದರೂ ಕೇಳಲಿಲ್ಲ. "ಜಾರುದ್ರೆ ಗಿರಣಿ ಜೊತೇಲೇ ಜಾರ್ತೀನಿ, ನಡಿ." ಆನೆಬೆನ್ನಿನ ಬುಡದಲ್ಲಿ ಬಿಲ್ಲಯ್ಯ ಗಾಡಿ ನಿಲ್ಲಿಸಿದ. ಈ ಸಲ ಅಪ್ಪಣೆ ಕೇಳಲಿಲ್ಲ. "ಜೊತೆಗಿರು" ಎಂದಷ್ಟೇ ಹೇಳಿ ನನ್ನನ್ನು ಎಳೆದ.

ಸರಿದೆ. ನನ್ನ ಪಾದದಿಂದ ಹೊರಟ ಬಲ ಶಾಫ್ಟಿಗೆ, ಶಾಫ್ಟಿನಿಂದ ಚಕ್ರಕ್ಕೆ ಮುಟ್ಟಿ, ಹಲ್ಲಿಗೆ ಹಲ್ಲು ಕೂತ ಸದ್ದು ಕೇಳಿಸಿತು. ಮುಂದಿನ ಚಕ್ರಗಳು ಎದ್ದು ನೆಲ ಹಿಡಿದವು. ಮೊನ್ನೆ ಜಾರಿದ ಗುಂಡಿಯ ಮೇಲೆ ಗಾಡಿ ಒಂದು ಗಳಿಗೆ ನಡುಗಿತು, ನಿಂತೇಹೋಯಿತು ಎನ್ನಿಸಿತು, ಮತ್ತೆ ಮೆಲ್ಲಗೆ ಮೇಲೆ ಸರಿಯಿತು. ಮೇಲಿನ ಬಯಲು ಮುಟ್ಟಿದಾಗ ಬಿಲ್ಲಯ್ಯನ ಕಣ್ಣ ಹನಿಯೊಂದು ನನ್ನ ತಲೆಯ ಮೇಲೆ ಬಿತ್ತು. ಹಿಂದಿನಿಂದ ದುಂಡಮ್ಮ ಕೂಗಿದಳು. "ಯಾಕ್ಲಾ ನಿಲ್ಸುದೆ? ಊರಿನ್ನೂ ಮುಂದೈತೆ!"

ನಾಲ್ಕು ದಿನಕ್ಕೆ ಮಳೆ ಬಂತು, ಹಳ್ಳ ತುಂಬಿತು. ಆ ವರ್ಷ ಜೇನುದೊಡ್ಡಿಯಿಂದ ಯಾವ ಹೆಂಗಸೂ ಚೀಲ ಹೊತ್ತು ಇಳಿಯಲಿಲ್ಲ.

ಅದಾಗಿ ಒಂಬತ್ತು ವರ್ಷ ಏರು ಹತ್ತಿದೆ. ಈಗ ಗಾಡಿಯ ಆಯಸ್ಸು ಮುಗಿದಿದೆ. ಗುಜರಿಗೆ ಕೊಡಲು ಮನಸ್ಸಾಗದೆ ಬಿಲ್ಲಯ್ಯ ಇದನ್ನು ಗಿರಣಿಯ ಗುಡಿಸಿಲಿನ ಮಗ್ಗುಲಲ್ಲೇ, ಹೊಂಗೆಯ ನೆರಳಲ್ಲಿ ನಿಲ್ಲಿಸಿದ್ದಾನೆ. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತದೆ. ನನ್ನ ಕೀಲು ಸಡಿಲವಾಗಿದೆ, ತಲೆಯ ಗುಂಡು ಸೀಳಿದೆ. ಬೇಸರವಿಲ್ಲ. ಇದು ದುಡಿದು ಆದ ಮುಪ್ಪು. ಹೂವಿನಡಿಯಲ್ಲಿ ಕೂತು ಹೊಳೆಯುತ್ತಿದ್ದಾಗ ದೇವರು ನನಗೆ ಬರೀ ಹೆಸರಾಗಿದ್ದ. ಒಬ್ಬ ಮುದುಕಿಯ ಭಾರ ಹೊತ್ತು ಏರು ಹತ್ತುವಾಗ ಅವನು ಜೊತೆಗಿದ್ದದ್ದು ತಿಳಿಯಿತು.

ಇವತ್ತು ಮತ್ತೆ ಹಳ್ಳ ತುಂಬಿದೆ. ಹೆಂಗಸರು ಮೊರ, ಚೀಲ ಹಿಡಿದು ಸಾಲಾಗಿ ಕೂತಿದ್ದಾರೆ. ಗಿರಣಿಯ ಸದ್ದಿನ ಮೇಲೆ ದುಂಡಮ್ಮನ ದನಿ ಕೇಳುತ್ತಿದೆ.

"ಮುಂದ್ಲೋಳು ಯಾರವ್ವ? ಬಾ, ಚೀಲ ಬಿಚ್ಚು. ಹಿಟ್ಟು ಬಿಸಿ ಅದೆ, ಬರೀ ಕೈ ಹಾಕ್ಬುಟ್ಟೀಯೆ!"