ಕಾವಲಿನ ಮೀನು

"ನಿಂದರಬ್ಯಾಡೋ ತಮ್ಮಾ, ಕುಂಡ್ರು. ಇದೇನು ನಿನ್ನ ಗಾದಿ ಅಂಗಡಿ ಅಲ್ಲ."

ಹುಟ್ಟು ಹಾಕುತ್ತಲೇ ಮೀನುಗಾರ್ತಿ ಹನಮಂತವ್ವ ಗದರಿದಳು. ಇಲಿಯಾಸ ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಸಿದು ಕುಳಿತ. ಮುಂಡರಗಿಯಲ್ಲಿ ಗಾದಿ ಹೊಲಿಯುವವನು ಅವನು. ಅರಳೆಯ ಮೇಲೆ ಕುಳಿತು ಗೊತ್ತೇ ಹೊರತು ನೀರಿನ ಮೇಲಲ್ಲ. ಈಜಂತೂ ಬಾರದು. ಆದರೂ ಬೆಳಿಗ್ಗೆ ಅಂಗಡಿಗೆ ಬೀಗ ಜಡಿದು ಬ್ಯಾರೇಜಿನ ಹಿನ್ನೀರಿಗೆ ಬಂದಿದ್ದ.

ಹೆಂಡತಿ ಯಾಸ್ಮೀನಳಿಗೆ ನಾಲ್ಕನೆಯ ತಿಂಗಳು. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರೊಟ್ಟಿ ಕಂಡರೆ ವಾಕರಿಕೆ, ಅನ್ನ ಕುದಿಯುವ ವಾಸನೆ ಬಂದರೆ ವಾಂತಿ. ಗಲ್ಲಗಳು ಒಳಗೆ ಹೋಗಿ ಮುಖದಲ್ಲಿ ಕಣ್ಣೆರಡೇ ಉಳಿದಿದ್ದವು. ಅವಳನ್ನು ನೋಡಿ ನೋಡಿ ಇಲಿಯಾಸನಿಗೂ ಊಟ ಸೇರುತ್ತಿರಲಿಲ್ಲ. ನಿನ್ನೆ ಸಂಜೆ ಮಾತ್ರ ಅವಳಾಗಿಯೇ ಬಾಯಿ ಬಿಟ್ಟು, "ಕೊರಮೀನಿನ ಸಾರಿದ್ರ ಒಂದೀಟು ಉಣ್ಣತಿದ್ನೇನೋ" ಎಂದಿದ್ದಳು. ಅಷ್ಟು ಸಾಕಾಯಿತು. ಇಲಿಯಾಸನ ತಾಯಿ ಅಲ್ಮಾಸಬಿ ಬೆಳಗಾಗುವುದರೊಳಗೆ ಮಸಾಲೆ ಅರೆದಿಟ್ಟು, "ಕೊರಮೀನ ಇಲ್ಲದ ಮನಿಗಿ ಬರಬ್ಯಾಡ" ಎಂದು ಮಗನನ್ನು ಹೊರಗೆ ಹಾಕಿದ್ದಳು.

"ಪ್ಯಾಟ್ಯಾಗ ಕೊರಮೀನ ಸಿಗಲಿಲ್ಲೇನು?" ಹನಮಂತವ್ವ ಕೇಳಿದಳು.

"ಇಲ್ಲ ಯಕ್ಕಾ. ಕಾಟ್ಲಾ ತಗೋ, ರೋಹು ತಗೋ ಅಂತಾರ."

"ಇವತ್ತ ಅವೂ ನನ್ನ ಬಲಿಗಿ ಬೀಳಲಿಲ್ಲ. ಮ್ಯಾಲೆ ಮಳಿ ಆಗಿ ಹೊಸ ನೀರು ಬಂದೈತಿ ನೋಡು, ಹ್ಯಾಂಗ ಕೆಂಪಗಾಗೇತಿ. ಹಿಂಗ ರಾಡಿ ಬಂತಂದ್ರ ಎಲ್ಲಾ ನಡುವಿನ ಮಡುವಿಗೆ ಹೋಗಿ ಕುಂಡ್ರತಾವು. ಕೊರಮೀನ ಹಂಗಲ್ಲ. ಅದು ದಂಡಿ ಬಿಡೂದಿಲ್ಲ."

ದಂಡೆಯ ಆಪಿನ ಹುಲ್ಲಿನ ಪಕ್ಕ ಹರಿಗೋಲು ನಿಲ್ಲಿಸಿ ಗಾಳಕ್ಕೆ ಎರೆಹುಳ ಚುಚ್ಚಿಕೊಟ್ಟಳು. ಮೊದಲು ಸಿಕ್ಕಿದ್ದು ಜಿಲೇಬಿ ಮೀನು. ಆಮೇಲಿನದೂ ಜಿಲೇಬಿ. ಹೆಸರಿಗೇನೋ ಸಿಹಿ, ಆದರೆ ಮೈತುಂಬ ಮುಳ್ಳು, ಬೇಡವೆಂದರೂ ಬಂದು ಬೀಳುವ ಜಾತಿ. ಹೊತ್ತೇರುವಷ್ಟರಲ್ಲಿ ಬುಟ್ಟಿಯ ತಳ ಮುಚ್ಚುವಷ್ಟು ಬಂದಿದ್ದವು. ಬಿಸಿಲಿಗೆ ಇಲಿಯಾಸನ ನೆತ್ತಿ ಕಾದಿತ್ತು, ಕಾಲು ಜೋಮು ಹಿಡಿದಿತ್ತು.

ಆಗ ಹುಲ್ಲಿನ ಸಂದಿಯಲ್ಲಿ ಅವನಿಗೊಂದು ಬಣ್ಣ ಕಂಡಿತು. ಯಾರೋ ನೀರಿನ ಮೇಲೆ ಖಾರಪುಡಿ ಚೆಲ್ಲಿದ ಹಾಗೆ ಒಂದು ಮುಷ್ಟಿ ಕೆಂಪು, ಅತ್ತಿತ್ತ ಅಲುಗುತ್ತಿತ್ತು. ಏನೋ ಇರಬೇಕೆಂದು ಗಾಳವನ್ನು ಅಲ್ಲಿಗೇ ಇಳಿಬಿಟ್ಟ. ಹುಳ ನೀರು ಮುಟ್ಟಿತೋ ಇಲ್ಲವೋ, ಕೋಲು ಬಿಲ್ಲಿನಂತೆ ಬಾಗಿತು. ಹರಿಗೋಲು ಗಿರ್ರನೆ ಒಂದು ಸುತ್ತು ಹಾಕಿತು. ಅವನು ಎಳೆದ, ಅದೂ ಎಳೆಯಿತು. ಕೊನೆಗೆ ಮೊಳದುದ್ದದ ಕಪ್ಪು ಮೀನು, ಹಾವಿನಂಥ ತಲೆ, ಹರಿಗೋಲಿನೊಳಗೆ ದಪ್ಪನೆ ಬಿದ್ದು ಒದ್ದಾಡಿತು.

"ಕೊರಮೀನ ಐತಿ ಹೌದಿಲ್ಲೊ, ಯಕ್ಕಾ?" ಇಲಿಯಾಸ ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದ.

"ಹೌದು, ಖರೇನ ಕೊರಮೀನ." ಹನಮಂತವ್ವ ಮೀನನ್ನು ನೋಡಲಿಲ್ಲ, ನೀರನ್ನು ನೋಡುತ್ತಿದ್ದಳು. "ಅಲ್ಲಿ ನೋಡು."

ಕೆಂಪು ಚೆದುರಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಎಳ್ಳುಕಾಳಿಗಿಂತ ತುಸು ಉದ್ದದ ಮರಿಗಳು, ದಿಕ್ಕು ತಪ್ಪಿ ಎಲ್ಲೆಂದರಲ್ಲಿ ಓಡುತ್ತಿದ್ದವು. ಆಗಲೇ ಸಣ್ಣ ಮೀನುಗಳೆರಡು ಹುಲ್ಲಿನಿಂದ ಅವುಗಳತ್ತ ಬರುತ್ತಿದ್ದವು.

"ಅದರವು ಮರಿ. ಕೆಳಗ ಕಾವಲ ಕುಂತಿತ್ತು. ಮರಿ ಹತ್ರ ಏನ ಬಂದ್ರೂ ಬಾಯಿ ಹಾಕ್ತೈತಿ, ಅದಕ್ಕ ಗಾಳಕ್ಕ ಬಿತ್ತು. ನಮ್ಮ ಮಂದಿ ಕಾವಲಿನ ಮೀನ ಹಿಡಿಯೂದಿಲ್ಲ. ಆದ್ರ ನೀ ನಮ್ಮ ಮಂದಿ ಅಲ್ಲಲ್ಲ, ಹಿಡದದ್ದು ನಿಂದು."

"ತಾಯಿ ಏನು ಇದು?"

"ತಾಯೋ ತಂದಿಯೋ, ಎರಡೂ ಕಾಯ್ತಾವು."

ಹನಮಂತವ್ವ ತಂಬಿಗೆ ತೆಗೆದುಕೊಂಡು ಹರಿಗೋಲಿನೊಳಗಿನ ನೀರು ಗೋರಿ ಹೊರಗೆ ಚೆಲ್ಲತೊಡಗಿದಳು. ಇಲಿಯಾಸನಿಗೆ ಯಾಸ್ಮೀನಳ ಒಳಸೇರಿದ ಗಲ್ಲ ನೆನಪಾಯಿತು. ಅರೆದಿಟ್ಟ ಮಸಾಲೆ ನೆನಪಾಯಿತು. ಮೀನನ್ನು ಬುಟ್ಟಿಗೆ ಹಾಕಲು ಎತ್ತಿದ. ಮತ್ತೆ ನೀರಿನತ್ತ ನೋಡಿದ. ಸಂಕಟಕ್ಕೆ ಅಳುವೇ ಬರುವಂತಾಯಿತು. ಆಮೇಲೆ ಅದರ ಬಾಯಿಗೆ ಬೆರಳು ಹಾಕಿ ಗಾಳ ಬಿಡಿಸತೊಡಗಿದ. ಮೀನಿಗೇನು ಗೊತ್ತು ಇವನ ಉಪಕಾರ? ಕಚ್ಚಿತು ನೋಡಿ, ಹೆಬ್ಬೆರಳು ತೋರುಬೆರಳು ಎರಡರಿಂದಲೂ ರಕ್ತ ಸುರಿಯಿತು. ಆದರೂ ಗಾಳ ಬಿಡಿಸಿ ಅದನ್ನು ಮರಿಗಳ ಹತ್ತಿರ ನೀರಿಗೆ ಬಿಟ್ಟ.

"ಹಂಗ ಆಗಬೇಕು ನಿನಗ," ಎಂದು ಹನಮಂತವ್ವ ನಕ್ಕು, ಸೆರಗಿನ ತುದಿ ಹರಿದು ಕಟ್ಟಿದಳು. ಹುಲ್ಲಿನಲ್ಲಿ ಕೆಂಪು ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತಿತ್ತು.

ಮನೆಯಲ್ಲಿ ಅಲ್ಮಾಸಬಿ ಬುಟ್ಟಿಯೊಳಗೆ ಇಣುಕಿ ಹಣೆ ಚಚ್ಚಿಕೊಂಡಳು. "ಈ ಜಿಲೇಬಿ ತರಾಕ ಹರಗೋಲ ಹತ್ತಿದ್ಯಾ? ಬಸ್‌ಸ್ಟ್ಯಾಂಡಿನ ಮುಂದ ರಾಶಿ ಬಿದ್ದಾವಲ್ಲೋ." ಬಯ್ಯುತ್ತಲೇ ಸಾರು ಮಾಡಿದಳು. ಅರೆದ ಮಸಾಲೆಯನ್ನು ಕೆಡಿಸುವವಳಲ್ಲ.

ತಟ್ಟೆಯ ಮುಂದೆ ಕುಳಿತ ಇಲಿಯಾಸ ಯಾಸ್ಮೀನಳ ಮುಖ ನೋಡಲಾರದೆ ನಡೆದದ್ದನ್ನೆಲ್ಲ ಹೇಳಿದ.

"ಎಷ್ಟು ಮರಿ ಇದ್ವು?" ಅವಳು ಕೇಳಿದಳು.

"ಎಣಸಾಕ ಆಗೂದಿಲ್ಲ. ಸಾವಿರ ಇರಬೇಕು."

"ಸಾವಿರ?" ಯಾಸ್ಮೀನ ತನ್ನ ಹೊಟ್ಟೆ ನೋಡಿಕೊಂಡಳು. "ನನಗ ಒಂದಕ್ಕ ಹಿಂಗಾಗೇತಿ."

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ಬಟ್ಟೆ ಸುತ್ತಿದ ಬಲಗೈಯಿಂದ ಇಲಿಯಾಸನಿಗೆ ಮುಳ್ಳು ಬಿಡಿಸಲು ಆಗುತ್ತಿರಲಿಲ್ಲ. "ಸರೀರಿ, ಇತ್ತ ಕೊಡ್ರಿ," ಎಂದು ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಒಂದೊಂದೇ ಮುಳ್ಳು ತೆಗೆದು, ಅನ್ನಕ್ಕೆ ಕಲಸಿ, ಅವನ ಬಾಯಿಗೆ ತುತ್ತಿಟ್ಟಳು.

"ಮತ್ತ ಎಲ್ಲಾ ಮರಿ ತಿರುಗಿ ಬಂದ್ವಾ?" ಎಂದು ಕೇಳುತ್ತ, ಎರಡನೆಯ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡಳು.

ಅವನು ಉಸಿರು ಬಿಗಿಹಿಡಿದು ನೋಡಿದ. ಅವಳು ನುಂಗಿದಳು. ಒಳಗಿನಿಂದ ಸಾರಿನ ಪಾತ್ರೆ ಹಿಡಿದು ಬಂದ ಅಲ್ಮಾಸಬಿ ಬಾಗಿಲಲ್ಲೇ ನಿಂತಳು. ಯಾಸ್ಮೀನ ಮುಂದಿನ ಮೀನಿನ ಮುಳ್ಳು ಬಿಡಿಸುತ್ತಿದ್ದಳು.